ಮೌನಾ ಕೆಯಾ ನೆತ್ತಿಗೆ ಗಾಡಿ ಹತ್ತಿಸುವುದು, ಇಳಿಸುವುದು

ಹವಾಯಿಯ ದೊಡ್ಡ ದ್ವೀಪದಲ್ಲಿ ಹಿಲೊ ಊರಿನ ಕಡಲ ದಂಡೆಯಲ್ಲಿ ಕಾಫಿ ಕುಡಿದು ಹೊರಟವರು ಎಲ್ಲೂ ನಿಲ್ಲದೆ ಹೋದರೆ ಎರಡು ಗಂಟೆಯೊಳಗೆ 4,207 ಮೀಟರ್ ಎತ್ತರದ ಜ್ವಾಲಾಮುಖಿಯ ನೆತ್ತಿ ಮುಟ್ಟಬಹುದು. ತೊಂದರೆಯ ಬೇರು ಇರುವುದೇ ಈ ಸಲೀಸಿನಲ್ಲಿ. ಮೈಗೂ ಎಂಜಿನ್ನಿಗೂ ಇಷ್ಟು ಬೇಗ ಇಷ್ಟು ಎತ್ತರ ಏರಿದ ಅಭ್ಯಾಸ ಇರುವುದಿಲ್ಲ. ಲೆಕ್ಕಕ್ಕೆ ಹೇಳುವುದಾದರೆ, ಹೆದ್ದಾರಿಯಿಂದ ಮೌನಾ ಕೆಯಾ ರಸ್ತೆ ಕವಲೊಡೆಯುವ ಜಾಗವೇ ಸುಮಾರು 2,000 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930. ನಮ್ಮ ಬೆಟ್ಟಗಳೆಲ್ಲ ಮುಗಿದ ಮೇಲೆ ಇಲ್ಲಿಯ ಹತ್ತುವಿಕೆ ಶುರುವಾಗುತ್ತದೆ.

ಮೌನಾ ಕೆಯಾ ಅಂದರೆ ಅಲ್ಲಿಯ ಭಾಷೆಯಲ್ಲಿ ಬಿಳಿ ಬೆಟ್ಟ. ನಮ್ಮ ಮೌನಕ್ಕೂ ಅದಕ್ಕೂ ನಂಟಿಲ್ಲ. ಕೊನೆಯ ಸಲ ಲಾವಾ ಉಕ್ಕಿದ್ದು ಸುಮಾರು 4,500 ವರ್ಷಗಳ ಹಿಂದೆ, ಹಾಗಾಗಿ ಬೆಂಕಿಯ ಚಿಂತೆ ಬೇಡ. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಎರಡೇ ಕಡೆ: ಹತ್ತುವಾಗ ತಲೆನೋವಿಗೆ, ಇಳಿಯುವಾಗ ಬ್ರೇಕಿಗೆ. ಹತ್ತುವುದು ಹೆಚ್ಚುಕಮ್ಮಿ ಎಂಥ ಗಾಡಿಗೂ ಆಗುವ ಕೆಲಸ. ಲೋ ಗೇರಿನ ಗಾಡಿಯೇ ಬೇಕು ಎಂದು ಅಲ್ಲಿಯ ರೇಂಜರ್‌ಗಳು ಹಟ ಹಿಡಿಯುವುದು ಇಳಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು.

ದಾರಿ ಮೂರು ತುಂಡು. ಹಿಲೊ ಮತ್ತು ಕೋನಾ ಕಡೆಯನ್ನು ಜೋಡಿಸುವ ಸ್ಯಾಡಲ್ ರೋಡ್ ಈಗ ಒಳ್ಳೆಯ ಹೆದ್ದಾರಿ, 2013ರಿಂದ ಅದಕ್ಕೆ ಡೇನಿಯಲ್ ಇನೊಯೆ ಹೆದ್ದಾರಿ ಎಂಬ ಹೆಸರು. 28ನೇ ಮೈಲಿಗಲ್ಲಿನ ಹತ್ತಿರ ಬೆಟ್ಟದ ಕಡೆಗೆ ತಿರುಗಿದರೆ 10 ಕಿ.ಮೀ. ಡಾಂಬರು ರಸ್ತೆ, ಅದು 2,800 ಮೀಟರಿನ ಸಂದರ್ಶಕರ ಕೇಂದ್ರಕ್ಕೆ ಒಯ್ಯುತ್ತದೆ. ಇಲ್ಲಿಯ ತನಕ ಯಾವ ಕಾರಾದರೂ ಸರಿ. ಅಲ್ಲಿಂದ ನೆತ್ತಿಗೆ 13 ಕಿ.ಮೀ. ಮೊದಲ ಏಳೆಂಟು ಕಿ.ಮೀ. ಜಲ್ಲಿ ಮತ್ತು ಲಾವಾ ಪುಡಿ, ಉಳಿದದ್ದು ಮತ್ತೆ ಡಾಂಬರು. ಮೇಲಿನ ತುಂಡಿಗೆ ಡಾಂಬರು ಹಾಕಿರುವುದು ಮುಖ್ಯವಾಗಿ ದೂರದರ್ಶಕಗಳ ಮೇಲೆ ದೂಳು ಕೂರಬಾರದು ಅಂತ. ಈ 13 ಕಿ.ಮೀ.ಯಲ್ಲಿ 1,400 ಮೀಟರ್ ಏರುತ್ತೀರಿ, ಸರಾಸರಿ ನೂರಕ್ಕೆ 11. ಕೆಲವು ಕಡೆ ಇನ್ನೂ ಕಡಿದು.

ಗಾಡಿ

ಬೇಕಾದದ್ದು ಲೋ ರೇಂಜ್ ಇರುವ ನಿಜವಾದ ಫೋರ್ ವೀಲ್ ಡ್ರೈವ್. ಡ್ಯಾಶಿನ ಮೇಲೋ ಗೇರ್ ಲಿವರಿನ ಪಕ್ಕದಲ್ಲೋ 4ಎಲ್ ಎಂಬ ಗುರುತು ಇರಬೇಕು. ಗಾಡಿಯ ಬೆನ್ನಿಗೆ ಎಡಬ್ಲ್ಯೂಡಿ ಎಂದು ಬರೆದಿದ್ದರೆ ಸಾಲದು. ಆಲ್ ವೀಲ್ ಡ್ರೈವ್ ಕಾರಿನ ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆ ನಿಜ, ಆದರೆ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ವೇಗ ಇಳಿಸುವ ಎರಡನೇ ಜೋಡಿ ಗೇರು, ಅಂದರೆ ಲೋ ರೇಂಜ್, ಇರುವುದಿಲ್ಲ. ಬಾಡಿಗೆಗೆ ಹೆಚ್ಚಾಗಿ ಸಿಗುವ ಜೀಪ್ ರ‍್ಯಾಂಗ್ಲರ್‌ನ ಸಾಮಾನ್ಯ ಮಾದರಿಯಲ್ಲಿ ಆ ಜೋಡಿಯ ಅನುಪಾತ 2.72ಕ್ಕೆ 1. ಅಂದರೆ ಅದೇ ವೇಗಕ್ಕೆ ಎಂಜಿನ್ 2.72 ಪಟ್ಟು ಹೆಚ್ಚು ತಿರುಗುತ್ತದೆ, ಅಷ್ಟೇ ಪಟ್ಟು ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಒಂದು ತಮಾಷೆ ಎಂದರೆ, ನೆತ್ತಿಯ ಮೇಲೆ ಸುಬಾರು ಹೆಸರಿನ ಜಪಾನಿ ದೂರದರ್ಶಕ ಇದೆ, ಕನ್ನಡಿ 8.2 ಮೀಟರ್. ನಮ್ಮ ಕೃತ್ತಿಕಾ ನಕ್ಷತ್ರಕ್ಕೆ ಜಪಾನಿನಲ್ಲಿ ಆ ಹೆಸರು. ಅದೇ ಹೆಸರಿನ ಕಾರಿನಲ್ಲಿ ಬಂದವರನ್ನು ಮಾತ್ರ ಲೋ ರೇಂಜ್ ಇಲ್ಲ ಎಂದು ಕೆಳಗೇ ನಿಲ್ಲಿಸುತ್ತಾರೆ.

ಬಾಡಿಗೆ ಕರಾರನ್ನು ಕೌಂಟರಿನಲ್ಲೇ ನಿಂತು ಓದಿ. ಜೀಪನ್ನೇ ಕೊಟ್ಟರೂ ಈ ರಸ್ತೆಗೆ ಒಯ್ಯಬಾರದು ಎಂದು ಬರೆದಿರುವ ಕರಾರುಗಳು ಬಹಳ. ಹಾಗೆ ಬರೆದಿದ್ದಾಗ ಮೇಲೆ ಕೆಟ್ಟು ನಿಂತರೆ ವಿಮೆ ಇಲ್ಲ, ಎಳೆದು ತರುವ ಖರ್ಚು ನಿಮ್ಮದು. "ಎಲ್ರೂ ಹೋಗ್ತಾರೆ ಬಿಡ್ರಿ" ಎಂಬ ಮಾತು ಕ್ಲೇಮ್ ಫಾರಂನಲ್ಲಿ ನಡೆಯುವುದಿಲ್ಲ. ಬಾಯಿ ಮಾತು ಬಿಟ್ಟು, ಬೆಟ್ಟಕ್ಕೆ ಅನುಮತಿ ಇದೆ ಎಂಬ ಬರಹವನ್ನೇ ಕೇಳಿ.

ಗಾಡಿ ಕೈಗೆ ಬಂದಾಗ ಐದು ನಿಮಿಷ ಕೊಟ್ಟು ನೋಡಬೇಕಾದವು: ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕು ಮತ್ತು ವೀಲ್ ಸ್ಪ್ಯಾನರ್ ತಮ್ಮ ಜಾಗದಲ್ಲಿ ಇವೆಯೇ, ಬ್ರೇಕ್ ಪೆಡಲ್ ಗಟ್ಟಿಯಾಗಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿಯೇ. ಕೊನೆಯದಾಗಿ, ಅದೇ ಪಾರ್ಕಿಂಗಿನಲ್ಲಿ 4ಎಲ್‌ಗೆ ಒಮ್ಮೆ ಹಾಕಿ ತೆಗೆಯಿರಿ. ಬಾಡಿಗೆ ಗಾಡಿಗಳಲ್ಲಿ ಆ ಲಿವರನ್ನು ತಿಂಗಳಾನುಗಟ್ಟಲೆ ಯಾರೂ ಮುಟ್ಟಿರುವುದಿಲ್ಲ, ತುಕ್ಕು ಹಿಡಿದ ಬಾಗಿಲ ಚಿಲಕದ ಹಾಗೆ ಕೂತಿರುತ್ತದೆ. ಅದು ಗೊತ್ತಾಗುವುದು 2,800 ಮೀಟರಿನಲ್ಲಿ ಆಗಬಾರದು.

ಪೆಟ್ರೋಲನ್ನು ಹಿಲೊ, ವೈಮಿಯಾ ಅಥವಾ ವೈಕೊಲೊವಾದಲ್ಲೇ ತುಂಬಿಸಿ. ಬೆಟ್ಟದ ಮೇಲೂ ಇಲ್ಲ, ಹೆದ್ದಾರಿಯ ನಡುವೆಯೂ ಬಂಕ್ ಇಲ್ಲ. ಹಿಲೊದಿಂದ ನೆತ್ತಿಗೆ 70 ಕಿ.ಮೀ. ಒಳಗೇ ಇದ್ದರೂ ಲೋ ರೇಂಜಿನಲ್ಲಿ ಗಾಡಿ ಕುಡಿಯುವುದು ಬೇರೆ ಲೆಕ್ಕ. ತುಂಬಿದ ಟ್ಯಾಂಕ್ ಇರಲಿ.

ಟಯರ್ ಗಾಳಿಯ ಬಗ್ಗೆ ಒಂದು ಗೊಂದಲ ಸಾಮಾನ್ಯ. ಮೇಲೆ ಹೋದ ಹಾಗೆ ಹೊರಗಿನ ವಾಯುಭಾರ ಇಳಿಯುತ್ತದೆ, ಹಾಗಾಗಿ ಚಿಪ್ಸ್ ಪ್ಯಾಕೆಟ್ ಉಬ್ಬಿ ದಿಂಬಾಗುತ್ತದೆ. ಟಯರಿಗೂ ಹಾಗೇ ಆಗುವುದಲ್ಲವೇ ಎಂದು ಗಾಳಿ ಬಿಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಕಡಲ ಮಟ್ಟದಲ್ಲಿ 25 ಡಿಗ್ರಿಯಲ್ಲಿ 35 ಪಿಎಸ್ಐ ಇದ್ದ ಟಯರ್, ಹೊರಗಿನ ಭಾರ ಇಳಿದದ್ದಕ್ಕೆ ಸುಮಾರು 6 ಪಿಎಸ್ಐ ಹೆಚ್ಚು ತೋರಿಸಬೇಕು. ಆದರೆ ನೆತ್ತಿಯಲ್ಲಿ ಸೊನ್ನೆ ಡಿಗ್ರಿ ಚಳಿ. ಆ ಚಳಿಗೆ ಒಳಗಿನ ಗಾಳಿ ಕುಗ್ಗಿ 4 ಪಿಎಸ್ಐ ಇಳಿಯುತ್ತದೆ. ಒಟ್ಟಿನಲ್ಲಿ ಏರುವುದು ಒಂದೋ ಎರಡೋ. ಸುಮ್ಮನೆ ಬಿಡಿ. ಜಲ್ಲಿಯಲ್ಲಿ ಹಿಡಿತ ಸಿಗಲಿ ಅಂತ ಗಾಳಿ ಇಳಿಸುವುದೂ ಈ ದಾರಿಗೆ ಒಳ್ಳೆಯದಲ್ಲ. ಲಾವಾ ಕಲ್ಲಿನ ಅಂಚು ಒಡೆದ ಗಾಜಿನಂತೆ, ಮೆತ್ತಗಾದ ಟಯರಿನ ಪಕ್ಕವನ್ನು ಸೀಳುತ್ತದೆ. ಮತ್ತೆ ತುಂಬಿಸಲು ಮೇಲೆ ಪಂಪೂ ಇಲ್ಲ.

ಮೈ

ನೆತ್ತಿಯಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ಮಟ್ಟದ ಶೇ. 60ರಷ್ಟು. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ದಿನಾ ಹತ್ತು ಕಿ.ಮೀ. ಓಡುವ ಹುಡುಗ ವಾಂತಿ ಮಾಡಿಕೊಂಡು ಕೂರಬಹುದು, ಜೊತೆಗೆ ಬಂದ ಅವನ ದೊಡ್ಡಪ್ಪ ಆರಾಮಾಗಿ ಫೋಟೋ ತೆಗೆಯುತ್ತಿರಬಹುದು. ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆ ಕಳೆಯದೆ ಬೆಟ್ಟ ಹತ್ತಲೇಬಾರದು. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗುತ್ತದೆ. ಹವಾಯಿಗೆ ಹೋದವರು ಬೆಳಿಗ್ಗೆ ಸಮುದ್ರ, ಸಂಜೆ ಬೆಟ್ಟ ಎಂದು ಒಂದೇ ದಿನಕ್ಕೆ ಎರಡನ್ನೂ ತುರುಕುವುದೇ ಹೆಚ್ಚು, ಆದ್ದರಿಂದ ಇದನ್ನು ಟಿಕೆಟ್ ಕಾದಿರಿಸುವಾಗಲೇ ನೆನಪಿಡಬೇಕು. ಗರ್ಭಿಣಿಯರು, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಚಿಕ್ಕ ಮಕ್ಕಳು ಸಂದರ್ಶಕರ ಕೇಂದ್ರದ ಮೇಲೆ ಹೋಗಬಾರದು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಬಿಪಿ ಮಾತ್ರೆಯ ವಿಚಾರವನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಕೇಂದ್ರದ ಆಸುಪಾಸಿನಿಂದಲೇ ಸೂರ್ಯಾಸ್ತವೂ ನಕ್ಷತ್ರಗಳೂ ಚೆನ್ನಾಗಿ ಕಾಣುತ್ತವೆ, ಅವರಿಗೆ ಮೋಸವೇನೂ ಆಗುವುದಿಲ್ಲ.

ಹಿಂದಿನ ರಾತ್ರಿ ಮದ್ಯ ಬೇಡ. ಆ ದಿನ ಸೋಡಾ, ಕಡಲೆಕಾಳಿನ ಉಸಲಿ, ಹುರುಳಿ ಬೇಡ. ಹೊಟ್ಟೆಯಲ್ಲಿರುವ ವಾಯು ನೆತ್ತಿಯಲ್ಲಿ ಒಂದೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಮುಚ್ಚಿದ ಕಿಟಕಿಯ ಜೀಪಿನಲ್ಲಿ ಐದು ಜನ ಇದ್ದೀರಿ ಎಂಬುದನ್ನೂ ಯೋಚಿಸಿ. ಬೆಳಗ್ಗೆ ಇಡ್ಲಿಯೋ ಅನ್ನವೋ ತಿಂದು, ತಲೆಗೆ ಎರಡು ಲೀಟರ್ ನೀರು ಇಟ್ಟುಕೊಂಡರೆ ಸಾಕು. ಕೆಳಗೆ 28 ಡಿಗ್ರಿ ಇದ್ದರೂ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕೈಗವಸು ಬೇಕು. ಚಪ್ಪಲಿಯಲ್ಲಿ ಬಂದವರ ಬೆರಳು ಹತ್ತು ನಿಮಿಷದಲ್ಲಿ ನೀಲಿ.

ಹೊರಡುವ ಹೊತ್ತು

ನೆತ್ತಿ ಸಾರ್ವಜನಿಕರಿಗೆ ತೆರೆದಿರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯ ತನಕ. ರಾತ್ರಿ ಅದು ದೂರದರ್ಶಕಗಳ ಜಾಗ, ಗಾಡಿಯ ಒಂದು ಹೆಡ್‌ಲೈಟ್ ಬೆಳಕು ಅವರ ಕೆಲಸ ಕೆಡಿಸುತ್ತದೆ. ಸೂರ್ಯಾಸ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ: ನೆತ್ತಿಯಲ್ಲಿ ಮುಕ್ಕಾಲು ಗಂಟೆ, ಹತ್ತಲು ಮುಕ್ಕಾಲು ಗಂಟೆ, ಕೇಂದ್ರದಲ್ಲಿ ಒಂದು ಗಂಟೆ. ಅಂದರೆ ಎರಡೂವರೆ ಗಂಟೆ ಮುಂಚೆ ಕೇಂದ್ರದಲ್ಲಿರಬೇಕು. ಡಿಸೆಂಬರಿನಲ್ಲಿ ಸೂರ್ಯ ಐದೂ ಮುಕ್ಕಾಲಿನ ಹೊತ್ತಿಗೆ ಮುಳುಗುತ್ತಾನೆ, ಜೂನಿನಲ್ಲಿ ಏಳರ ಸುಮಾರಿಗೆ. ಮೊದಲ ಸಲ ಓಡಿಸುವವರಿಗೆ ಸೂರ್ಯಾಸ್ತವನ್ನೇ ಬಿಟ್ಟುಬಿಡಿ ಎನ್ನುವುದು ನಮ್ಮ ಸಲಹೆ. ಮಧ್ಯಾಹ್ನ ಹತ್ತಿ ಬೆಳಕಿದ್ದಾಗಲೇ ಇಳಿಯಿರಿ. ದೂಳು ಹಿಡಿದ ಗಾಜು, ಎದುರಿಗೆ ಕೆಳಬಿಸಿಲು, ಹಿಂದೆ ಪ್ರವಾಸಿ ವ್ಯಾನುಗಳ ಸಾಲು, ಇವು ಮೂರೂ ಸೇರುವುದು ಸಂಜೆಗೇ.

ಹಿಲೊ ಕಡೆಯಿಂದ ಏರುವಾಗ ಮಳೆ, ಮಂಜು ಇದ್ದರೆ ವಾಪಸ್ ತಿರುಗಬೇಡಿ. ಮೋಡದ ಹಾಸು ಸಾಮಾನ್ಯವಾಗಿ 2,000 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದನ್ನು ಸೀಳಿ ಮೇಲೆ ಬಂದರೆ ನೀಲಿ ಆಕಾಶ. ಆದರೆ ಕವಲು ದಾಟಿದ ಮೇಲಿನ ಡಾಂಬರಿನಲ್ಲಿ, ಮಂಜಿನೊಳಗೆ, ಕರಿ ದನಗಳು ಅಡ್ಡ ನಿಂತಿರುತ್ತವೆ. ಅಲ್ಲಿ ಬೇಲಿಯಿಲ್ಲದ ಮೇವಿನ ಬಯಲು. "ಕಣ್ಣಿಗೆ ಕಾಣದ ದನಗಳಿವೆ, ಜೋಕೆ" ಎಂಬ ಎಚ್ಚರಿಕೆ ಅಲ್ಲಿ ಎಷ್ಟು ಹೆಸರುವಾಸಿ ಎಂದರೆ ಸ್ಟಿಕರ್ ಆಗಿ ಮಾರಾಟವಾಗುತ್ತದೆ. ನಗು ಬಂದರೂ ವೇಗ ಕಡಿಮೆ ಮಾಡಿ. ಬಲಬದಿಯಲ್ಲಿ ಓಡಿಸುವ ದೇಶ ಎಂಬುದೂ ಖಾಲಿ ರಸ್ತೆಯಲ್ಲೇ ಮರೆತುಹೋಗುವುದು.

ಕೇಂದ್ರದಲ್ಲಿ ಅರ್ಧ ಗಂಟೆ

ಕೇಂದ್ರಕ್ಕೆ ಎಲಿಸನ್ ಒನಿಜುಕಾ ಅವರ ಹೆಸರಿದೆ, 1986ರ ಚಾಲೆಂಜರ್ ದುರಂತದಲ್ಲಿ ತೀರಿಕೊಂಡ ಹವಾಯಿಯ ಗಗನಯಾತ್ರಿ. ಇಲ್ಲಿ ಕನಿಷ್ಠ 30 ನಿಮಿಷ ನಿಲ್ಲಬೇಕು. ಇದನ್ನು ಶಾಸ್ತ್ರಕ್ಕೆ ಹೇಳುತ್ತಾರೆ ಎಂದುಕೊಳ್ಳಬೇಡಿ. ಪಕ್ಕದ ಹಾಲೆ ಪೊಹಾಕುವಿನಲ್ಲಿ ಖಗೋಳ ವಿಜ್ಞಾನಿಗಳೇ ರಾತ್ರಿ ತಂಗಿ, ಮೈ ಒಗ್ಗಿಸಿಕೊಂಡು ಮೇಲೆ ಹೋಗುತ್ತಾರೆ. ನೀವು ಒಂದು ಗಂಟೆ ಕೊಟ್ಟರೆ ಇನ್ನೂ ಒಳ್ಳೆಯದು. ಶೌಚಾಲಯಕ್ಕೆ ಹೋಗಿ ಬನ್ನಿ, ನೀರು ಕುಡಿಯಿರಿ, ಗಾಜು ಒರೆಸಿ, ಗಾಡಿಯಲ್ಲಿ ಅಲ್ಲಾಡುವ ಸಾಮಾನು ಕಟ್ಟಿ. ನಿದ್ದೆ ಬೇಡ, ಮಲಗಿದಾಗ ಉಸಿರು ನಿಧಾನವಾಗಿ ತಲೆನೋವು ಹೆಚ್ಚುತ್ತದೆ.

ಓಡಿಸುವವರನ್ನು ಇಲ್ಲೇ ಪರೀಕ್ಷೆ ಮಾಡಿ. ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಿ, ನೂರರಿಂದ ಏಳೇಳು ಕಳೆಯುತ್ತಾ ಬರಲಿ. ತಡವರಿಸಿದರೆ, ತಲೆ ಭಾರ ಎಂದರೆ, ಸ್ಟಿಯರಿಂಗ್ ಬೇರೆಯವರಿಗೆ. ಎತ್ತರದ ಕಾಯಿಲೆಯ ಕೆಟ್ಟ ಗುಣ ಏನೆಂದರೆ ಅದು ಮೊದಲು ಕೆಡಿಸುವುದು ವಿವೇಚನೆಯನ್ನು. ಆದ್ದರಿಂದ "ನಂಗೇನಾಗಿಲ್ಲ" ಎಂಬ ಮಾತಿಗೆ ಮೇಲೆ ಹೋದ ಹಾಗೆ ಬೆಲೆ ಕಮ್ಮಿ.

ಹತ್ತುವುದು

ಕೇಂದ್ರ ದಾಟಿ ಜಲ್ಲಿ ಶುರುವಾಗುವ ಕಡೆ 4ಎಲ್‌ಗೆ ಹಾಕಿ. ರ‍್ಯಾಂಗ್ಲರಿನಲ್ಲಿ ಅದು ಹೀಗೆ: ಗಾಡಿ ನಡಿಗೆಯ ವೇಗದಲ್ಲಿ, ಗಂಟೆಗೆ ಮೂರರಿಂದ ಐದು ಕಿ.ಮೀ., ಉರುಳುತ್ತಿರಬೇಕು. ಗೇರ್ ನ್ಯೂಟ್ರಲ್. ಟ್ರಾನ್ಸ್‌ಫರ್ ಲಿವರನ್ನು ಅಂಜದೆ, ಒಂದೇ ಏಟಿಗೆ ಎಳೆಯಿರಿ. ನಡುವೆ ನ್ಯೂಟ್ರಲ್ ಗುಂಡಿಯಲ್ಲಿ ನಿಂತರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ, ಪಾರ್ಕ್‌ಗೆ ಹಾಕಿದರೂ ಇಳಿಜಾರಿನಲ್ಲಿ ಉರುಳುತ್ತದೆ. ಹಲ್ಲು ಉಜ್ಜಿದ ಸದ್ದು ಬಂದರೆ ಬಿಟ್ಟು, ಅರ್ಧ ಮಾರು ಮುಂದೆ ಉರುಳಿಸಿ ಮತ್ತೆ ಎಳೆಯಿರಿ. ಡ್ಯಾಶಿನಲ್ಲಿ 4ಎಲ್ ದೀಪ ಹತ್ತಿದ ಮೇಲಷ್ಟೇ ಹೊರಡಿ. ಬೇರೆ ಕಂಪನಿಯ ಗಾಡಿಯಲ್ಲಿ ಪೂರ್ತಿ ನಿಂತು, ಬ್ರೇಕ್ ಒತ್ತಿ, ಗುಂಡಿ ತಿರುಗಿಸಬೇಕಾಗಬಹುದು, ಕೈಪಿಡಿ ಗ್ಲೌವ್ ಬಾಕ್ಸಿನಲ್ಲಿರುತ್ತದೆ.

ಜಲ್ಲಿಯ ರಸ್ತೆ ಎರಡು ಗಾಡಿ ಸಲೀಸಾಗಿ ಹಾಯುವಷ್ಟು ಅಗಲ. ಅಲ್ಲಿಯ ತೊಂದರೆ ಅಡ್ಡಲೆಗಳು. ಶೀಟ್ ಹೊದಿಸಿದ ಮಾಡಿನ ಮೇಲೆ ಓಡಿಸಿದ ಹಾಗೆ ಇಡೀ ಗಾಡಿ ಗಡಗಡ ಎನ್ನುತ್ತದೆ. ಜೋರಾಗಿ ಹೋದರೆ ಅಲೆಗಳ ತುದಿ ಮುಟ್ಟಿಕೊಂಡು ತೇಲಬಹುದು ಎಂಬ ಉಪಾಯ ಬಯಲು ಸೀಮೆಯ ಮಣ್ಣು ರಸ್ತೆಗೆ ಸರಿ, ಇಲ್ಲಿ ಬೇಡ. ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ, ತಿರುವಿನ ಆಚೆ ಕಣಿವೆ. 20ರಿಂದ 25 ಕಿ.ಮೀ. ವೇಗ ಸಾಕು. ಮುಂದಿನ ಗಾಡಿಯ ದೂಳು ತಗ್ಗುವಷ್ಟು ಅಂತರ ಬಿಡಿ.

ಎಂಜಿನ್ ಸೊರಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ನೆತ್ತಿಯ ಹತ್ತಿರ ಬಲದ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಕೆಟ್ಟುಹೋಯಿತು ಅಂತ ಗಾಬರಿ ಬೇಡ, ಆಕ್ಸಿಲರೇಟರ್ ತುಳಿದು ಸಿಟ್ಟು ತೀರಿಸಿಕೊಳ್ಳುವುದೂ ಬೇಡ. ಒಂದು ಗೇರು ಇಳಿಸಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ: ತೆಳುಗಾಳಿ ರೇಡಿಯೇಟರಿನ ಬಿಸಿಯನ್ನು ಸರಿಯಾಗಿ ಒಯ್ಯುವುದಿಲ್ಲ. ಮುಳ್ಳು ಏರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ, ಅಗಲವಾದ ಕಡೆ ನಿಲ್ಲಿಸಿ ಎಂಜಿನ್ ಐಡಲ್‌ನಲ್ಲಿ ಬಿಡಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ನೀರು ಇಲ್ಲಿ 86 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಬಿಟ್ಟ ಕ್ಷಣ ಒಳಗಿನದೆಲ್ಲ ಬುಗ್ಗೆಯಾಗಿ ಮುಖಕ್ಕೆ.

ಮತ್ತೆ ಡಾಂಬರು ಸಿಕ್ಕ ಕೂಡಲೇ ಒಂದು ಕೆಲಸ ಇದೆ, ಹೆಚ್ಚಿನವರು ಮರೆಯುವುದು ಇದನ್ನೇ. ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಜಲ್ಲಿಯಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಕಳೆಯುತ್ತದೆ, ಒಣ ಡಾಂಬರಿನಲ್ಲಿ ಜಾರುವುದಿಲ್ಲ. ಸ್ಟಿಯರಿಂಗ್ ಬಿಗಿಯಾಗಿ, ಗಾಡಿ ಕುಪ್ಪಳಿಸಿದ ಹಾಗಾದರೆ ಅದೇ. ಎಳೆದುಕೊಂಡೇ ಹೋದರೆ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. 2ಎಚ್‌ಗೆ (ಹಿಂದಿನ ಎರಡು ಚಕ್ರಕ್ಕಷ್ಟೇ ಬಲ) ಹಾಕಿ, 4ಎಚ್ ಆಟೊ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ) ಇರುವ ಗಾಡಿಯಾದರೆ ಅದಕ್ಕೆ.

ನೆತ್ತಿಯಲ್ಲಿ

ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ನಿಧಾನ ನಡೆಯಿರಿ, ಓಡಬೇಡಿ. ತಲೆನೋವು, ವಾಕರಿಕೆ ಇದ್ದರೆ ಕೆಳಗಿಳಿಯಿರಿ. ತೊದಲು ಮಾತು, ತೂರಾಡುವ ನಡಿಗೆ, ಕೂತಲ್ಲೇ ಏದುಸಿರು, ಕೆಮ್ಮಿದರೆ ನೊರೆ, ಇವು ಕಂಡರೆ ಆ ನಿಮಿಷವೇ ಇಳಿಯಬೇಕು, 911ಕ್ಕೆ ಕರೆ ಮಾಡಬೇಕು. ಮಾತ್ರೆ ನುಂಗಿ ಕಾಯುವ ಕಾಯಿಲೆ ಅದಲ್ಲ. ಸಾವಿರ ಮೀಟರ್ ಕೆಳಗೆ ಬಂದರೆ ಅರ್ಧ ಔಷಧ ಆದಂತೆ.

ರಸ್ತೆ ಬಿಟ್ಟು ಗಾಡಿಯನ್ನು ಒಂದು ಮಾರೂ ಆಚೆ ಇಳಿಸಬೇಡಿ. ಈ ಕಿಟ್ಟದಂಥ ಕಲ್ಲುಪುಡಿಯ ಸಂದಿಯಲ್ಲಿ ವೇಕಿಯು ಎಂಬ, ಅಕ್ಕಿಕಾಳಿನಷ್ಟಿರುವ ತಿಗಣೆ ಜಾತಿಯ ಹುಳ ಬದುಕುತ್ತದೆ. ಕೆಳಗಿನಿಂದ ಗಾಳಿಗೆ ತೂರಿ ಬಂದು ಚಳಿಗೆ ಸತ್ತ ಕೀಟಗಳೇ ಅದರ ಊಟ. ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅತಿ ಎತ್ತರದ ಗುಡ್ಡವಾದ ಪುಉ ವೇಕಿಯುವನ್ನು ಕಾಲ್ನಡಿಗೆಯಲ್ಲಿ ಹತ್ತಬೇಡಿ ಎಂದು ಹವಾಯಿಯ ಮೂಲನಿವಾಸಿಗಳು ಕೇಳಿಕೊಳ್ಳುತ್ತಾರೆ. ಅವರಿಗೆ ಇದು ಹಿಮದ ದೇವತೆ ಪೊಲಿಯಾಹುವಿನ ನೆಲೆ, ಬೆಟ್ಟವೇ ಹಿರಿಯರು. ಗರ್ಭಗುಡಿಯೊಳಗೆ ಯಾರೂ ನುಗ್ಗಬಾರದು ಎಂಬುದು ನಮಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಬೆಂಗಳೂರಿನಿಂದ ಹೋದವರಿಗೆ ಇನ್ನೊಂದು ಮಾತು. ಇಲ್ಲಿ ಕಟ್ಟಬೇಕೆಂದಿದ್ದ 30 ಮೀಟರ್ ದೂರದರ್ಶಕದಲ್ಲಿ ಭಾರತವೂ ಪಾಲುದಾರ. ಅದರ 492 ಕನ್ನಡಿ ತುಣುಕುಗಳಲ್ಲಿ ನಮ್ಮ ಪಾಲಿನವಕ್ಕೆ ಹೊಳಪು ಕೊಡುವ ಘಟಕ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹೊಸಕೋಟೆ ಆವರಣದಲ್ಲಿದೆ. 2019ರ ಜುಲೈಯಲ್ಲಿ ನೀವು ತಿರುಗಿದ ಆ ಕವಲಿನ ಹತ್ತಿರವೇ ಹಿರಿಯರು ರಸ್ತೆಗೆ ಕುಳಿತು, ಬಂಧನಕ್ಕೊಳಗಾಗಿ, ಕಾಮಗಾರಿಯನ್ನು ತಡೆದರು. ಕೆಳಗಿನ ಹೋಟೆಲಿನಲ್ಲಿ ಈ ವಿಷಯ ಬಂದರೆ ಕೇಳಿಸಿಕೊಳ್ಳಿ, ವಾದ ಹೂಡುವ ಜಾಗ ಅದಲ್ಲ.

ಇಳಿಯುವುದು

ಎರಡು ಟನ್ ತೂಕದ ಗಾಡಿ ನೆತ್ತಿಯಿಂದ ಕೇಂದ್ರಕ್ಕೆ 1,400 ಮೀಟರ್ ಇಳಿಯುವಾಗ ಕಳೆಯಬೇಕಾದ ಶಕ್ತಿ ಸುಮಾರು 27 ಮೆಗಾಜೂಲ್. ಎಂಬತ್ತು ಲೀಟರ್ ತಣ್ಣೀರನ್ನು, ಅಂದರೆ ಮದುವೆ ಮನೆಯ ಹಂಡೆ ನೀರನ್ನು, ಮರಳಿಸುವಷ್ಟು. ಬರೀ ಬ್ರೇಕ್ ಒತ್ತಿ ಇಳಿದರೆ ಈ ಬಿಸಿಯೆಲ್ಲ ನಾಲ್ಕು ಕಬ್ಬಿಣದ ತಟ್ಟೆಗೆ ಹೋಗುತ್ತದೆ. ಮೊದಲು ಪ್ಯಾಡಿನ ಮೇಲ್ಮೈ ಗಾಜಿನಂತಾಗಿ ಹಿಡಿತ ಹೋಗುತ್ತದೆ. ಆಮೇಲೆ ಬಿಸಿ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿ ತಾಳಬೇಕು, ತೇವ ಹೀರಿಕೊಂಡ ಹಳೇ ಆಯಿಲ್ 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಗುಳ್ಳೆ, ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ.

ನಮ್ಮ ಲಾರಿ ಚಾಲಕರು ಚಾರ್ಮಾಡಿ, ಆಗುಂಬೆಯಲ್ಲಿ ಕಲಿಸುವ ಪಾಠ ಒಂದೇ: ಹತ್ತಿದ ಗೇರಲ್ಲೇ ಇಳಿ. ಇಲ್ಲಿ ಅದಕ್ಕಿಂತ ಒಂದು ಕೆಳಗಿನ ಗೇರಲ್ಲಿ ಇಳಿಯಿರಿ. ಕಾರಣ, ಪೆಟ್ರೋಲ್ ಎಂಜಿನ್ ಗಾಡಿಯನ್ನು ಹಿಡಿಯುವುದು ಹೆಚ್ಚಾಗಿ ಮುಚ್ಚಿದ ಥ್ರಾಟಲ್ಲಿನ ಹಿಂದೆ ಗಾಳಿಯನ್ನು ಎಳೆಯುವ ಶ್ರಮದಿಂದ. ಹೊರಗಿನ ವಾಯುಭಾರವೇ ಅರ್ಧಕ್ಕೆ ಹತ್ತಿರ ಇಳಿದಿರುವಾಗ ಆ ಹಿಡಿತವೂ ಸಡಿಲ.

ಮೇಲಿನ ಡಾಂಬರಿನಲ್ಲಿ 2ಎಚ್ ಅಥವಾ 4ಎಚ್ ಆಟೊದಲ್ಲೇ, ಗೇರನ್ನು ಕೈಯಿಂದ ಒಂದು ಅಥವಾ ಎರಡಕ್ಕೆ ಕಟ್ಟಿಹಾಕಿ. ಡಿ ಯಲ್ಲಿ ಬಿಟ್ಟರೆ ಗಾಡಿ ತಾನಾಗಿ ಮೇಲಿನ ಗೇರಿಗೆ ಜಾರುತ್ತದೆ. ಜಲ್ಲಿ ಬಂದಾಗ, ಹತ್ತುವಾಗ ಹಾಕಿದ ಹಾಗೆಯೇ 4ಎಲ್, ಎರಡನೇ ಅಥವಾ ಮೂರನೇ ಗೇರು. ಎಂಟು ಗೇರಿನ ರ‍್ಯಾಂಗ್ಲರ್ ಹೀಗೆ 3,000 ಆರ್‌ಪಿಎಂನಲ್ಲಿ 15ರಿಂದ 23 ಕಿ.ಮೀ. ವೇಗದಲ್ಲಿ ತನ್ನಷ್ಟಕ್ಕೆ ಇಳಿಯುತ್ತದೆ. ಎಂಜಿನ್ ಕೂಗುತ್ತದೆ, ಕೂಗಲಿ. ಅದು ನಿಮ್ಮ ಬ್ರೇಕಿನ ಕೆಲಸ ಮಾಡುತ್ತಿದೆ. ವೇಗ ಏರಿದಾಗ ಮಾತ್ರ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಹತ್ತು ಕಿ.ಮೀ. ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬ್ರೇಕಿಗೆ ಗಾಳಿ ತಾಗಿ ಆರುವುದು ಪೆಡಲ್ ಬಿಟ್ಟಾಗಲೇ. ಕಾಲನ್ನು ಮೆಲ್ಲಗೆ ಇಟ್ಟೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು.

ಇಳಿಜಾರಿನಲ್ಲಿ ವೇಗವನ್ನು ತಾನೇ ಹಿಡಿಯುವ ಹಿಲ್ ಡಿಸೆಂಟ್ ಕಂಟ್ರೋಲ್ ಗುಂಡಿ ಇದೆಯಲ್ಲ ಎನ್ನುವವರಿಗೆ: ಆ ಗುಂಡಿ ಕೆಲಸ ಮಾಡುವುದು ಅದೇ ಬ್ರೇಕನ್ನು ಚಕ್ರಚಕ್ರಕ್ಕೆ ಒತ್ತಿ. ನೂರು ಮೀಟರಿನ ಇಳಿಜಾರಿಗೆ ಅದು ಜಾಣ, ಎಂಟು ಕಿಲೋಮೀಟರಿಗೆ ಅಲ್ಲ.

ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಕಾಯಿರಿ. ನೀರು ಎರಚಬೇಡಿ, ಕಾದ ತಟ್ಟೆ ಸೊಟ್ಟಗಾಗುತ್ತದೆ. ಪೆಡಲ್ ಮೆತ್ತಗಾದರೆ ಬೇಗ ಬೇಗ ಪಂಪ್ ಮಾಡಿ, ಗೇರನ್ನು ಇನ್ನೂ ಇಳಿಸಿ, ಹ್ಯಾಂಡ್‌ಬ್ರೇಕನ್ನು ಹಂತಹಂತವಾಗಿ ಎಳೆಯಿರಿ. ಯಾವುದೂ ಆಗದಿದ್ದರೆ ಕಣಿವೆಯ ಕಡೆಗಲ್ಲ, ಬೆಟ್ಟದ ಕಡೆಯ ಮಣ್ಣಿಗೆ ಓರೆಯಾಗಿ ಒರೆಸಿ. ತಗಡು ಹೋಗುತ್ತದೆ, ಹೋಗಲಿ. ಕೊಲೊರಾಡೊದ ಪೈಕ್ಸ್ ಪೀಕ್‌ನಲ್ಲಿ ಇಳಿಯುವವರನ್ನು ನಡುದಾರಿಯಲ್ಲಿ ತಡೆದು ಬ್ರೇಕಿನ ಬಿಸಿ ಅಳೆದೇ ಮುಂದೆ ಬಿಡುತ್ತಾರೆ. ಇಲ್ಲಿ ನಿಮ್ಮ ಮೂಗೇ ಆ ಮಾಪಕ.

ಹತ್ತಿ ಬರುವವರಿಗೆ ದಾರಿ ಬಿಡಿ, ಕತ್ತಲಾದರೆ ಡಿಮ್ ಲೈಟ್. ಪಂಕ್ಚರ್ ಆದರೆ ಸಮತಟ್ಟಾದ ಜಾಗದ ತನಕ ತೆವಳಿಸಿ. ರಿಮ್ ಹೋದರೂ ಪರವಾಗಿಲ್ಲ, ಇಳಿಜಾರಿನ ಜಲ್ಲಿಯಲ್ಲಿ ಜಾಕು ನಿಲ್ಲುವುದಿಲ್ಲ. ಜಾಕಿನಡಿ ಇಡಲು ಒಂದು ಅಡಿ ಚೌಕದ ಹಲಗೆ ತುಂಡು ಇದ್ದರೆ ಪುಣ್ಯ. ನಟ್ಟು ಬಿಚ್ಚುವ ಕೆಲಸವನ್ನು ಇಬ್ಬರು ಸರದಿಯಲ್ಲಿ ಮಾಡಿ, ಒಬ್ಬರೇ ಮಾಡಿದರೆ ನಾಲ್ಕನೇ ನಟ್ಟಿಗೆ ಕಣ್ಣು ಕತ್ತಲೆ.

ಚಳಿಗಾಲದಲ್ಲಿ ಹಿಮ ಬಿದ್ದರೆ ಗೇಟ್ ಹಾಕುತ್ತಾರೆ, ರಸ್ತೆ ತೆರವಾಗಿ ಮಂಜುಗಡ್ಡೆ ಕರಗುವ ತನಕ ತೆಗೆಯುವುದಿಲ್ಲ. ತೆಗೆದ ದಿನ ಊರಿನವರೆಲ್ಲ ಪಿಕಪ್ ತಂದು ಹಿಮ ತುಂಬಿಕೊಂಡು ಕಡಲ ದಂಡೆಗೆ ಒಯ್ಯುತ್ತಾರೆ. ಆ ದಿನದ ಸಂದಣಿಯಲ್ಲಿ ಹೊಸಬರು ಗಾಡಿ ಓಡಿಸದಿರುವುದು ಒಳ್ಳೆಯದು.

ಕೇಂದ್ರ ತಲುಪಿದರೆ ಮುಗಿಯಲಿಲ್ಲ. ಇಲ್ಲಿ ಹತ್ತು ನಿಮಿಷ ಬ್ರೇಕ್ ಆರಲು ಬಿಡಿ, 2ಎಚ್‌ಗೆ ಬನ್ನಿ, ಆದರೆ ಗೇರನ್ನು ಮತ್ತೆ ಕೆಳಗೇ ಕಟ್ಟಿಹಾಕಿ. ಮುಂದಿನ 10 ಕಿ.ಮೀ. ಡಾಂಬರು ನುಣುಪಾಗಿ, ನೇರವಾಗಿ 800 ಮೀಟರ್ ಇಳಿಯುತ್ತದೆ. ಜಲ್ಲಿಯಲ್ಲಿ ಜೋಪಾನವಾಗಿ ಬಂದವರು ಇಲ್ಲಿ ನಿರಾಳವಾಗಿ ಕಾಲು ಬಿಡುತ್ತಾರೆ, ಆಗಲೇ ಕಾದಿರುವ ಬ್ರೇಕು ಇಲ್ಲಿ ಕೈ ಕೊಡುತ್ತದೆ. ಕತ್ತಲಲ್ಲಿ ಆ ದನಗಳೂ ಅಲ್ಲೇ ಇರುತ್ತವೆ.

ಗಾಡಿ ವಾಪಸ್ ಕೊಡುವ ಮೊದಲು ಹಿಲೊದಲ್ಲಿ ತೊಳೆಸಿ. ಆ ಕೆಂಪು ದೂಳು ಬಾಗಿಲಿನ ರಬ್ಬರಿನ ಸಂದಿಯಲ್ಲೂ ಸ್ಟೆಪ್ನಿಯ ಹಿಂದೆಯೂ ಕೂತಿರುತ್ತದೆ, ಅಲ್ಲಿಗೆ ಒದ್ದೆ ಬಟ್ಟೆ ಹಾಕಿ ಕೈಯಲ್ಲೇ ಒರೆಸಬೇಕು.